ಹಾಳುಗಳ ನಡುವಣ ಬದುಕು: ರೋಮಿನ ಬರೋಕ್ ಭೂದೃಶ್ಯ ಚಿತ್ರದಿಂದ ಮೂಡಿಗೆರೆಯ ಅಂಗಡಿಯವರೆಗೆ

ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಬೆಳೆದು ಬಂದ ಭೂದೃಶ್ಯ ಚಿತ್ರಗಳಲ್ಲಿ ಒಂದು ಬಗೆ ಇಂದಿಗೂ ನೋಡುಗರನ್ನು ತಡೆದು ನಿಲ್ಲಿಸುತ್ತದೆ. ಮುರಿದ ಕಂಬಗಳು, ಮಣ್ಣಿನಲ್ಲಿ ಅರ್ಧ ಹೂತುಹೋದ ಕಮಾನುಗಳು, ಬಿರುಕಿನಿಂದ ಹೊಮ್ಮಿದ ಗಿಡಗಳು. ಇವುಗಳ ಬುಡದಲ್ಲಿ ದನ ಕಾಯುವವರು, ಬಟ್ಟೆ ಒಗೆಯುವ ಹೆಂಗಸರು, ಹೇಸರಗತ್ತೆಯ ಮೇಲೆ ಸರಕು ಹೇರುವವರು, ನೆರಳಿನಲ್ಲಿ ಕುಳಿತು ಇಸ್ಪೀಟು ಆಡುವವರು. ಒಂದು ಸಾಮ್ರಾಜ್ಯದ ಅವಶೇಷ ಹಿಂದೆ, ಅಂದಂದಿನ ಬದುಕು ಮುಂದೆ. ಬರೋಕ್ ಯುಗದ ಈ ಚಿತ್ರಪ್ರಕಾರವನ್ನು ಕಲಾಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಇಟಲಿ ಮತ್ತು ಡಚ್ ಕಲೆಯ ಒಂದು ಉಪಶಾಖೆಯಾಗಿ ಪರಿಗಣಿಸಿ ಮುಂದೆ ಸಾಗುತ್ತವೆ. ಆದರೆ ಕರ್ನಾಟಕದ ಸ್ಮಾರಕಗಳನ್ನು ನಾವು ಇಂದು ನೋಡುತ್ತಿರುವ ಕ್ರಮಕ್ಕೂ ಈ ಚಿತ್ರಗಳಿಗೂ ನೇರವಾದ ಸಂಬಂಧವಿದೆ. ಆ ಸಂಬಂಧವನ್ನು ಗುರುತಿಸುವುದು, ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವನ್ನು ಎದುರಿಗಿಟ್ಟುಕೊಂಡು ಅದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಲೇಖನ ಎತ್ತುವ ಪ್ರಶ್ನೆ ಸರಳವಾದುದು: ಹಾಳಾದ ಕಟ್ಟಡದ ಚಿತ್ರದಲ್ಲಿ ಮನುಷ್ಯ ಯಾತಕ್ಕಾಗಿ ಇದ್ದಾನೆ? ಆತ ಆ ಸ್ಥಳದ ಹಕ್ಕುದಾರನೋ, ಕಟ್ಟಡದ ಎತ್ತರವನ್ನು ತೋರಿಸಲು ನಿಲ್ಲಿಸಿದ ಅಳತೆಗೋಲೋ, ಅಥವಾ ಚಿತ್ರ ಚೆನ್ನಾಗಿ ಬರಬೇಕಾದರೆ ಬದಿಗೆ ಸರಿಯಬೇಕಾದ ಅಡ್ಡಿಯೋ? ಈ ಪ್ರಶ್ನೆಗೆ ಚಿತ್ರಕಾರರು ಕೊಟ್ಟ ಉತ್ತರಗಳು ಕಾಲಕ್ರಮದಲ್ಲಿ ಚಿತ್ರದ ಚೌಕಟ್ಟಿನಿಂದ ಹೊರಬಂದು, ಸಂರಕ್ಷಣೆಯ ನೀತಿಗಳಲ್ಲಿಯೂ ನೆಲೆಯೂರಿವೆ ಎಂಬುದು ಗಮನಾರ್ಹ.

೧. ರೋಮಿನ ದನದ ಬಯಲು

ಪ್ರಾಚೀನ ರೋಮಿನ ರಾಜಕೀಯ ಹಾಗೂ ಧಾರ್ಮಿಕ ಜೀವನದ ಕೇಂದ್ರವಾಗಿದ್ದ ಫೋರಂ ಪ್ರದೇಶ ಹದಿನೇಳನೆಯ ಶತಮಾನದ ಹೊತ್ತಿಗೆ ಆ ಹೆಸರಿನಿಂದ ಬಳಕೆಯಲ್ಲಿರಲಿಲ್ಲ. ಜನರು ಅದನ್ನು 'ಕಾಂಪೊ ವಚ್ಚೀನೊ' ಎಂದು ಕರೆಯುತ್ತಿದ್ದರು. ಕನ್ನಡದಲ್ಲಿ ಹೇಳುವುದಾದರೆ ದನದ ಬಯಲು. ಶತಮಾನಗಳ ಮಣ್ಣು, ಕಲ್ಲುಚೂರುಗಳು ತುಂಬಿ ನೆಲ ಮೇಲೇರಿತ್ತು. ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯ ವಿಜಯ ಕಮಾನು ಅರ್ಧದಷ್ಟು ಹೂತುಹೋಗಿತ್ತು. ಅಲ್ಲಿ ದನದ ಸಂತೆ ನೆರೆಯುತ್ತಿತ್ತು. ಪ್ರಾಚೀನ ಕಾಲದ ದೊಡ್ಡದೊಂದು ಗ್ರಾನೈಟ್ ಬಾನಿ ದನಗಳಿಗೆ ನೀರು ಕುಡಿಸುವ ತೊಟ್ಟಿಯಾಗಿತ್ತು. ಆ ಬಾನಿಯನ್ನು ೧೮೧೮ರಲ್ಲಿ ಕ್ವಿರಿನಾಲೆ ದಿಬ್ಬದ ಕಾರಂಜಿಗೆ ಸಾಗಿಸಲಾಯಿತು. ಇಂದು ಅದು ಅಲ್ಲಿಯೇ ಇದೆ.

ಈ ಬಯಲನ್ನು ಚಿತ್ರಿಸಿದವರಲ್ಲಿ ಪ್ರಸಿದ್ಧನಾದವನು ಕ್ಲೋಡ್ ಲೊರೇನ್. ಫ್ರಾನ್ಸಿನ ಲೊರೇನ್ ಪ್ರಾಂತ್ಯದಲ್ಲಿ ಹುಟ್ಟಿ, ಬಾಳಿನ ಬಹುಭಾಗವನ್ನು ರೋಮಿನಲ್ಲಿ ಕಳೆದು, ೧೬೮೨ರಲ್ಲಿ ಅಲ್ಲಿಯೇ ತೀರಿಕೊಂಡ ಈತ ೧೬೩೬ರ ಸುಮಾರಿಗೆ ಬಿಡಿಸಿದ ಕಾಂಪೊ ವಚ್ಚೀನೊ ಚಿತ್ರ ಈಗ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ರೋಮಿನಲ್ಲಿದ್ದ ಫ್ರೆಂಚ್ ರಾಯಭಾರಿ ಫಿಲಿಪ್ ದ ಬೆತೂನ್‌ನಿಗಾಗಿ ಅದನ್ನು ಬಿಡಿಸಲಾಯಿತು. ಹೂತ ಕಮಾನು, ಒಂಟಿಯಾಗಿ ಉಳಿದ ಕಂಬಗಳು, ದೂರದಲ್ಲಿ ಕೊಲೊಸಿಯಂ. ಇವೆಲ್ಲವನ್ನೂ ಒಂದೇ ಬೆಳಕು ಆವರಿಸಿದೆ. ಜನರು, ದನಗಳು ಚಿಕ್ಕ ಚಿಕ್ಕ ಆಕೃತಿಗಳಾಗಿ ಬಯಲಿನ ತುಂಬ ಹರಡಿಕೊಂಡಿವೆ. ಇಲ್ಲಿ ಅವಶೇಷ ಮತ್ತು ಬದುಕು ಒಂದಕ್ಕೊಂದು ವಿರೋಧವಾಗಿಲ್ಲ. ಆದರೆ ಆ ಜನರ ಮುಖಗಳು ನಮಗೆ ಕಾಣುವುದಿಲ್ಲ. ಅವರು ಬೆಳಕಿನ ಭಾಗ, ದೂರದ ಭಾಗ.

೨. ಬಾಂಬೊಚ್ಚೊ ಮತ್ತು ಅವನ ಬಳಗ

ಅದೇ ಕಾಲದಲ್ಲಿ, ಅದೇ ನಗರದಲ್ಲಿ, ಬೇರೊಂದು ಬಗೆಯ ನೋಟವೂ ರೂಪುಗೊಂಡಿತು. ಡಚ್ ಪಟ್ಟಣ ಹಾರ್ಲೆಮಿನಲ್ಲಿ ೧೫೯೯ರಲ್ಲಿ ಹುಟ್ಟಿದ ಪೀಟರ್ ವಾನ್ ಲಾರ್ ೧೬೨೫ರ ಸುಮಾರಿಗೆ ರೋಮಿಗೆ ಬಂದು ಹದಿಮೂರು ಹದಿನಾಲ್ಕು ವರ್ಷ ಅಲ್ಲಿ ನೆಲೆಸಿದ್ದನು. ಅವನ ದೇಹದ ಊನವನ್ನು ಗುರಿಯಾಗಿಸಿ ಜೊತೆಯವರು ಇಟ್ಟ ಅಡ್ಡಹೆಸರು 'ಇಲ್ ಬಾಂಬೊಚ್ಚೊ'. ವಿಕಾರ ಬೊಂಬೆ ಎಂದು ಅದರ ಅರ್ಥ. ಅವನ ಹಾದಿಯಲ್ಲಿ ನಡೆದ ಯಾನ್ ಮೀಲ್, ಮಿಕೆಲಾಂಜೆಲೊ ಚೆರ್ಕ್ವೊಜ್ಜಿ, ಯೊಹಾನೆಸ್ ಲಿಂಗೆಲ್‌ಬಾಖ್ ಮೊದಲಾದ ಚಿತ್ರಕಾರರಿಗೆಲ್ಲ 'ಬಾಂಬೊಚ್ಚಾಂಟಿ' ಎಂಬ ಹೆಸರು ಅಂಟಿಕೊಂಡಿತು. ಹೀನಾಯದ ಹೆಸರೇ ಶೈಲಿಯ ಹೆಸರಾಗಿ ನಿಂತಿತು.

ಇವರ ಚಿತ್ರಗಳಲ್ಲಿ ಜನರು ದೂರದಲ್ಲಿಲ್ಲ, ಮುಂದೆ ಇದ್ದಾರೆ. ಲಾಳ ಕಟ್ಟುವವನು, ರೊಟ್ಟಿ ಮಾರುವವನು, ಭಿಕ್ಷುಕ, ಕುಂಟುತ್ತ ನಡೆಯುವ ಮುದುಕ ಇವರೇ ಇಲ್ಲಿ ಮುಖ್ಯ ಪಾತ್ರಗಳು. ಹಾಳು ಗೋಡೆ ಅವರ ಬೆನ್ನ ಹಿಂದಿನ ಆಸರೆ. ವಾನ್ ಲಾರ್‌ನ ಸುಣ್ಣದ ಗೂಡಿನ ಚಿತ್ರ, ಕೊರ್ನೆಲಿಸ್ ವಿಸ್ಶರ್ ಕೆತ್ತಿದ ಮುದ್ರಣಗಳ ಮೂಲಕ ಹೆಸರಾದುದು, ಈ ದೃಷ್ಟಿಯಿಂದ ಬಹಳ ಮುಖ್ಯವಾದುದು. ರೋಮಿನ ಅಮೃತಶಿಲೆಯ ಅವಶೇಷಗಳನ್ನು ಶತಮಾನಗಳ ಕಾಲ ಗೂಡಿಗೆ ಹಾಕಿ ಸುಟ್ಟು ಸುಣ್ಣ ಮಾಡಲಾಗುತ್ತಿತ್ತು. ಹೊಸ ಕಟ್ಟಡಗಳ ಗಾರೆಗೆ ಹಳೆಯ ಶಿಲ್ಪಗಳೇ ಕಚ್ಚಾವಸ್ತು. ಹಾಳು ಎಂಬುದು ಕೇವಲ ಕಾಲದ ಕೆಲಸವಲ್ಲ, ಅದರಲ್ಲಿ ದುಡಿಮೆಯೂ ವ್ಯಾಪಾರವೂ ಸೇರಿವೆ ಎಂಬ ಸತ್ಯವನ್ನು ಸುಣ್ಣದ ಗೂಡಿನ ಈ ವಸ್ತು ನೆನಪಿಗೆ ತರುತ್ತದೆ.

ಸಮಕಾಲೀನ ಪಂಡಿತರು ಇದನ್ನು ಒಪ್ಪಲಿಲ್ಲ. ಚಿತ್ರಕಾರರಾದ ಆಂದ್ರೆಯಾ ಸಾಕ್ಕಿ ಮತ್ತು ಫ್ರಾಂಚೆಸ್ಕೊ ಅಲ್ಬಾನಿ ೧೬೫೧ರ ಪತ್ರವ್ಯವಹಾರದಲ್ಲಿ ಈ ಬಳಗವನ್ನು ಕಟುವಾಗಿ ಟೀಕಿಸಿದರು. ಇತಿಹಾಸ, ಪುರಾಣಗಳ ಉದಾತ್ತ ವಸ್ತುವಿನಿಂದ ಕಲೆಯನ್ನು ಕೆಳಗಿಳಿಸಲಾಗುತ್ತಿದೆ ಎಂಬುದು ಅವರ ಆಕ್ಷೇಪ. ಸಾಲ್ವಾತೊರ್ ರೋಸಾನ ಆಕ್ಷೇಪ ಇನ್ನೂ ಹರಿತವಾದುದು. ಬೀದಿಯಲ್ಲಿ ಕಣ್ಣೆದುರಿಗೆ ಬಂದರೆ ಸಹಿಸದ ಬಡವನನ್ನೇ ಶ್ರೀಮಂತರು ಚಿತ್ರದಲ್ಲಿ ಕೊಂಡು ಮನೆಯ ಗೋಡೆಗೆ ತೂಗುಹಾಕುತ್ತಾರೆ ಎಂದು ಆತ ತನ್ನ ವಿಡಂಬನ ಕಾವ್ಯದಲ್ಲಿ ಚುಚ್ಚಿದನು. ಜೀವಂತ ಜನರನ್ನು ದೂರವಿರಿಸಿ ಅವರ ಚಿತ್ರವನ್ನು ಮೆಚ್ಚುವ ಈ ಇಬ್ಬಗೆಯ ನಡೆ ರೋಮಿಗೆ ಮಾತ್ರ ಸೀಮಿತವಾದುದಲ್ಲ. ಮುಂದಿನ ಚರ್ಚೆಯಲ್ಲಿ ಇದನ್ನು ನೆನಪಿನಲ್ಲಿಡಬೇಕು.

ಹೀಗೆ ಒಂದೇ ಚಿತ್ರಪ್ರಕಾರದ ಒಳಗೆ ಎರಡು ನೋಟಗಳಿವೆ. ಒಂದರಲ್ಲಿ ಮನುಷ್ಯ ದೃಶ್ಯದ ಅಂಗ. ಇನ್ನೊಂದರಲ್ಲಿ ಮನುಷ್ಯನೇ ದೃಶ್ಯದ ಕಾರಣ. ಭಾರತಕ್ಕೆ ಇವೆರಡರಲ್ಲಿ ಯಾವುದು ಬಂದಿತು ಎಂಬುದು ಮುಂದಿನ ಪ್ರಶ್ನೆ.

೩. ಮೈಸೂರಿಗೆ ಬಂದ ನೋಟ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ಲೋಡ್ ಲೊರೇನ್‌ನ ಚಿತ್ರಗಳಿಗೆ ದೊರೆತ ಮನ್ನಣೆ ಅಪಾರವಾದುದು. ಅಲ್ಲಿಯ ಸಿರಿವಂತರು ತಮ್ಮ ಉದ್ಯಾನಗಳನ್ನೇ ಅವನ ಚಿತ್ರಗಳಂತೆ ರೂಪಿಸಿಕೊಂಡರು. ನಿಸರ್ಗವನ್ನು ಚಿತ್ರದಂತೆ ಕಾಣುವ 'ಚಿತ್ರೋಪಮ' ಅಭಿರುಚಿಯನ್ನು ವಿಲಿಯಂ ಗಿಲ್ಪಿನ್ ಮೊದಲಾದವರು ಸಿದ್ಧಾಂತವಾಗಿ ಬೆಳೆಸಿದರು. ಆ ಅಭಿರುಚಿಯಲ್ಲಿ ಒರಟಾದ, ಮುರಿದ, ಬಳ್ಳಿ ಹಬ್ಬಿದ ಗೋಡೆಗೆ ವಿಶೇಷ ಸ್ಥಾನ. ಅದರ ಬಳಿ ಒಂದೆರಡು ಮಾನವಾಕೃತಿಗಳನ್ನು ನಿಲ್ಲಿಸುವುದು ಪದ್ಧತಿ. ಇಟಲಿಯಲ್ಲಿ ವರ್ಷಗಟ್ಟಲೆ ಇದ್ದು ಕ್ಲೋಡ್‌ನನ್ನು ಅಭ್ಯಾಸ ಮಾಡಿದ ರಿಚರ್ಡ್ ವಿಲ್ಸನ್‌ನ ಶಿಷ್ಯ ವಿಲಿಯಂ ಹಾಡ್ಜಸ್. ಈತ ೧೭೮೦ರಿಂದ ೧೭೮೩ರವರೆಗೆ ಭಾರತದಲ್ಲಿದ್ದು, ಇಲ್ಲಿಯ ದೃಶ್ಯಗಳನ್ನು ಮುದ್ರಣಗಳ ಮೂಲಕ ಯುರೋಪಿಗೆ ಪರಿಚಯಿಸಿದನು. ಅವನ ಹಿಂದೆಯೇ ಬಂದ ಥಾಮಸ್ ಡೇನಿಯಲ್ ಮತ್ತು ಅವನ ಸೋದರಪುತ್ರ ವಿಲಿಯಂ ಡೇನಿಯಲ್ ಕ್ಯಾಮೆರಾ ಅಬ್ಸ್ಕ್ಯೂರಾ ಎಂಬ ಉಪಕರಣದ ನೆರವಿನಿಂದ ಅಳತೆ ತಪ್ಪದ ರೇಖೆಗಳನ್ನು ಎಳೆದು, ೧೭೯೫ರಿಂದ ೧೮೦೮ರ ನಡುವೆ ೧೪೪ ಮುದ್ರಣಗಳನ್ನು ಪ್ರಕಟಿಸಿದರು.

ಕರ್ನಾಟಕದ ಮಟ್ಟಿಗೆ ಈ ಸರಪಣಿಯ ಅತ್ಯಂತ ಸ್ಪಷ್ಟ ಕೊಂಡಿ ರಾಬರ್ಟ್ ಹೋಮ್. ಈತ ೧೭೭೦ರ ದಶಕದಲ್ಲಿ ಸ್ವತಃ ರೋಮಿನಲ್ಲಿ ಅಭ್ಯಾಸ ಮಾಡಿದ ಚಿತ್ರಕಾರ. ೧೭೯೧ರಲ್ಲಿ ಮದರಾಸಿಗೆ ಬಂದು, ಮೂರನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯದೊಡನೆ ಸಂಚರಿಸಿ, ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣ ಮೊದಲಾದ ಸ್ಥಳಗಳನ್ನು ಚಿತ್ರಿಸಿದನು. ೧೭೯೪ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಮೈಸೂರು ದೃಶ್ಯಗಳ ಸಂಪುಟ ಕನ್ನಡ ನಾಡಿನ ಭೂದೃಶ್ಯವನ್ನು ಯುರೋಪಿನ ಓದುಗರ ಮುಂದಿಟ್ಟ ಮೊದಮೊದಲ ಗ್ರಂಥಗಳಲ್ಲೊಂದು. ಅಲೆಕ್ಸಾಂಡರ್ ಅಲನ್‌ನ ಸಂಪುಟವೂ ಅದೇ ವರ್ಷ ಹೊರಬಂದಿತು. ೧೭೯೨ರಲ್ಲಿ ತೀರಿಕೊಂಡ ಜೇಮ್ಸ್ ಹಂಟರ್‌ನ ಚಿತ್ರಗಳು ಅವನ ಮರಣಾನಂತರ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಚ್ಚಾದವು.

ಇಲ್ಲಿ ಒಂದು ವ್ಯತ್ಯಾಸವನ್ನು ಒತ್ತಿ ಹೇಳಬೇಕಾಗಿದೆ. ರೋಮಿನ ಹಾಳುಗಳು ಸಾವಿರ ವರ್ಷಕ್ಕೂ ಹಳೆಯವು. ಅವುಗಳನ್ನು ಹಾಳು ಮಾಡಿದವರು ಚಿತ್ರಕಾರನ ಕಾಲದವರಲ್ಲ. ಮೈಸೂರಿನ ಕೋಟೆಗಳ ಸ್ಥಿತಿ ಹಾಗಲ್ಲ. ಬೆಂಗಳೂರಿನ ಪೇಟೆಯನ್ನು ೧೭೯೧ರ ಮಾರ್ಚ್ ೭ರಂದು, ಕೋಟೆಯನ್ನು ಮಾರ್ಚ್ ೨೧ರಂದು ವಶಪಡಿಸಿಕೊಂಡ ಸೈನ್ಯದ ಆಶ್ರಯದಲ್ಲಿಯೇ ಚಿತ್ರಕಾರ ಇದ್ದನು. ಕೋಟೆಯ ಗೋಡೆಯನ್ನು ಒಡೆದ ಫಿರಂಗಿಯೂ ಆ ದೇಶದ ದೃಶ್ಯವನ್ನು ಬರೆದ ಕುಂಚವೂ ಒಂದೇ ಪಾಳೆಯದವು. ಚಿತ್ರೋಪಮ ಶೈಲಿಯ ಮೃದುವಾದ ಬೆಳಕು, ಮುಂಭಾಗದ ಮರ, ವಿಶ್ರಮಿಸುವ ದಾರಿಹೋಕರು ಇವೆಲ್ಲವೂ ಸೇರಿ ನಿನ್ನೆಯ ಯುದ್ಧವನ್ನು ಪ್ರಾಚೀನತೆಯಂತೆ ತೋರಿಸಬಲ್ಲವು. ಜನರು ಇಂತಹ ಚಿತ್ರಗಳಲ್ಲಿ ಇದ್ದಾರೆ. ಆದರೆ ಹೆಚ್ಚಾಗಿ ಪ್ರಮಾಣ ತೋರಿಸುವ, ದೇಶದ ವೇಷಭೂಷಣ ತಿಳಿಸುವ ಭರ್ತಿಯ ಆಕೃತಿಗಳಾಗಿ. ಬಾಂಬೊಚ್ಚಾಂಟಿಗಳ ನೋಟ ಸಮುದ್ರ ದಾಟಲಿಲ್ಲ. ಕ್ಲೋಡ್‌ನ ದೂರ ಮಾತ್ರ ದಾಟಿ ಬಂದಿತು, ಅದೂ ಅವನ ಬಯಲಿನ ಜನಸಂದಣಿಯನ್ನು ಕಳೆದುಕೊಂಡು ಎನ್ನಬಹುದು.

೪. ಜನರಿಲ್ಲದ ಛಾಯಾಚಿತ್ರ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕ್ಯಾಮೆರಾ ಕುಂಚದ ಸ್ಥಾನವನ್ನು ಆಕ್ರಮಿಸಿತು. ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. ಅದೇ ವರ್ಷ ರಿಚರ್ಡ್ ಬ್ಯಾನರ್ ಓಕ್ಲಿ ಹಳೇಬೀಡಿನ ದೇವಾಲಯವನ್ನು ಛಾಯಾಚಿತ್ರಿಸಿ, ೧೮೫೯ರಲ್ಲಿ ೫೬ ಚಿತ್ರಗಳ ಸಂಪುಟವಾಗಿ ಹೊರತಂದನು. ೧೮೬೬ರಲ್ಲಿ ಧಾರವಾಡ ಮತ್ತು ಮೈಸೂರು ಪ್ರಾಂತ್ಯಗಳ ವಾಸ್ತುಶಿಲ್ಪವನ್ನು ಕುರಿತ ಛಾಯಾಚಿತ್ರ ಸಂಪುಟ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹಗಳೊಂದಿಗೆ ಪ್ರಕಟವಾಯಿತು.

ಈ ಛಾಯಾಚಿತ್ರಗಳು ಸಂಶೋಧನೆಗೆ ಒದಗಿಸಿದ ನೆರವು ಅಮೂಲ್ಯವಾದುದು. ಅವುಗಳ ತಾಂತ್ರಿಕ ಸ್ವರೂಪದ ಪರಿಣಾಮವೊಂದನ್ನು ಮಾತ್ರ ಇಲ್ಲಿ ಗಮನಿಸೋಣ. ಕಾಗದದ ನೆಗೆಟಿವ್‌ಗೆ ಬೆಳಕು ತಾಗಿಸುವ ಅವಧಿ ದೀರ್ಘವಾದುದು. ಅಷ್ಟು ಹೊತ್ತು ಕದಲದೆ ನಿಲ್ಲಬಲ್ಲದ್ದು ಕಲ್ಲು ಮಾತ್ರ. ನೀರು ಹೊತ್ತು ನಡೆಯುವವಳು, ಮೇಯುವ ಹಸು, ಆಡುವ ಮಕ್ಕಳು ಮಸುಕಾಗಿ ಅಳಿಸಿಹೋಗುತ್ತಾರೆ. ಉಳಿಯುವವನು ಅಳತೆಗಾಗಿ ನಿಲ್ಲಿಸಿದ ಮನುಷ್ಯ, ಏಕೆಂದರೆ ಅವನಿಗೆ ಕದಲಬೇಡವೆಂದು ಹೇಳಲಾಗಿದೆ. ಬಯಲಿನಲ್ಲಿ ದನ ಮೇಯಿಸುತ್ತಿದ್ದವನು ಮೊದಲು ಭರ್ತಿಯ ಆಕೃತಿಯಾದನು, ಆಮೇಲೆ ಅಳತೆಗೋಲಾದನು. ಸ್ಮಾರಕವೆಂದರೆ ಜನರಿಲ್ಲದ ಸ್ಥಳ ಎಂಬ ಭಾವನೆ ನಮ್ಮ ಮನಸ್ಸಿನಲ್ಲಿ ನೆಲೆಗೊಳ್ಳುವಲ್ಲಿ ಈ ಕ್ರಮೇಣ ಬದಲಾವಣೆಯ ಪಾಲು ದೊಡ್ಡದು.

೫. ಸೊಸೆವೂರು 'ಅಂಗಡಿ'ಯಾದದ್ದು

ಈ ಹಿನ್ನೆಲೆಯಲ್ಲಿ ಮಲೆನಾಡಿನತ್ತ ತಿರುಗಬಹುದು. ಹೋಮ್‌ನ ಸಂಪುಟ ಬೆಂಗಳೂರು-ಶ್ರೀರಂಗಪಟ್ಟಣಗಳ ಸೇನಾಮಾರ್ಗವನ್ನು, ಸುತ್ತಲಿನ ಗಿರಿದುರ್ಗಗಳನ್ನು ಅವಲಂಬಿಸಿದೆ. ಪಶ್ಚಿಮದ ಕಾಡು ಅದರಲ್ಲಿಲ್ಲ. ಮೂಡಿಗೆರೆ, ಕಳಸಗಳ ಹಳೆಯ ಅವಶೇಷಗಳು ವಿದ್ವತ್ಪ್ರಪಂಚಕ್ಕೆ ಪರಿಚಯವಾದದ್ದು ಮುಖ್ಯವಾಗಿ ಅಕ್ಷರದ ಮೂಲಕ. ಬಿ. ಎಲ್. ರೈಸ್ ಅವರು ೧೯೦೧ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ ಅಂದಿನ ಕಡೂರು ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದೆ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು, ಸಂಸ್ಕೃತೀಕರಿಸಿದ ರೂಪದಲ್ಲಿ ಶಶಕಪುರ, ಇಂದಿನ ಅಂಗಡಿ ಗ್ರಾಮವೇ ಎಂದು ಗುರುತಿಸಿದವರೂ ಅವರೇ.

ಸಳನು ಜೈನಮುನಿ ಸುದತ್ತರ ಆಜ್ಞೆಯಂತೆ ಹುಲಿಯನ್ನು ಹೊಯ್ದ ಐತಿಹ್ಯ ನೆಲೆಗೊಂಡಿರುವುದು ಇಲ್ಲಿಯ ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ. ಹೊಯ್ಸಳರು ಮುಂದೆ ಬೇಲೂರಿಗೆ, ದೋರಸಮುದ್ರಕ್ಕೆ ತಮ್ಮ ಕೇಂದ್ರವನ್ನು ಸಾಗಿಸಿದರು. ವಿಷ್ಣುವರ್ಧನನ ಕಾಲದಲ್ಲಿ, ೧೧೧೭ರಲ್ಲಿ, ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಮೂಲಸ್ಥಾನದಲ್ಲಿ ಬಸದಿಗಳೂ ಗುಡಿಗಳೂ ಉಳಿದುಕೊಂಡವು, ಶಿಥಿಲಗೊಂಡವು. ಊರಿನ ಹೆಸರೂ ಬದಲಾಯಿತು. ರಾಜಧಾನಿಯೊಂದು ಫೋರಂ ಆಗಿದ್ದು ದನದ ಬಯಲಾದಂತೆ, ಸೊಸೆವೂರು 'ಅಂಗಡಿ'ಯಾಯಿತು. ಎರಡು ಕಡೆಯೂ ಅರಸೊತ್ತಿಗೆಯ ಹೆಸರು ಅಳಿದು, ಕೊಡುಕೊಳ್ಳುವಿಕೆಯ ಹೆಸರು ನಿಂತಿರುವುದು ಕುತೂಹಲಕರ. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ೨೦೨೩ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ವಂಶದ ಮೂಲಸ್ಥಾನ ಆ ಪಟ್ಟಿಯಲ್ಲಿಲ್ಲ.

ಇಂದಿನ ಅಂಗಡಿಯ ಸುತ್ತ ಕಾಫಿ ತೋಟಗಳಿವೆ. ಬಾಬಾಬುಡನ್ ಗಿರಿಯ ಕಾಫಿ ಬೀಜದ ಐತಿಹ್ಯ ಹದಿನೇಳನೆಯ ಶತಮಾನಕ್ಕೆ ಸಲ್ಲುತ್ತದೆ. ಯುರೋಪಿಯನ್ನರ ತೋಟಗಾರಿಕೆ ಈ ಸೀಮೆಯಲ್ಲಿ ವಿಸ್ತರಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಹಳೆಯ ಗುಡಿಗಳ ಆಸುಪಾಸಿನ ಕಾಡು ಹೀಗೆ ದುಡಿಮೆಯ ನೆಲವಾಯಿತು. ಬೇಸಗೆಯ ಹೂಮಳೆಯಿಂದ ಚಳಿಗಾಲದ ಹಣ್ಣಿನ ಕೊಯ್ಲಿನವರೆಗೆ ವರ್ಷದ ಲೆಕ್ಕವನ್ನು ಕಾಫಿಯೇ ನಿರ್ಧರಿಸುವ ಸೀಮೆಯಿದು. ಇಲ್ಲಿಯ ದೃಶ್ಯದ ಮುಂಭಾಗದಲ್ಲಿ ನಿಲ್ಲಬೇಕಾದವರು ಕೊಯ್ಲಿನ ಚೀಲ ಕಟ್ಟಿಕೊಂಡ ಹೆಂಗಸರು, ಕಣದಲ್ಲಿ ಹಣ್ಣು ಹರವುವವರು, ಲೈನ್ ಮನೆಗಳಲ್ಲಿ ವಾಸಿಸುವ ಕೂಲಿಕಾರರು. ಅವರಲ್ಲಿ ಹಲವರ ಹಿರಿಯರು ಘಟ್ಟದ ಕೆಳಗಿನಿಂದಲೋ ತಮಿಳು ಸೀಮೆಯಿಂದಲೋ ಬಂದವರು. ವಾಸಂತಿಕಾ ದೇವಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ. ಅರಸು ಹೋದರೂ ದೇವಿ ಉಳಿದ ಊರು ಇದು. ಒಂದೇ ಗ್ರಾಮದೊಳಗೆ ಪೂಜೆ ನಿಂತ ಗುಡಿ, ಪೂಜೆ ನಡೆಯುವ ಗುಡಿ, ದುಡಿಮೆಯ ತೋಟ ಮೂರೂ ಇರುವುದರಿಂದ 'ಹಾಳು' ಎಂಬ ಒಂದೇ ಮಾತಿನಲ್ಲಿ ಈ ಸ್ಥಳವನ್ನು ಹಿಡಿಯಲಾಗದು.

ಕಳಸದ ಸ್ಥಿತಿ ಇನ್ನೊಂದು ಬಗೆಯದು. ಭದ್ರಾನದಿಯ ದಡದ ಈ ಊರು ಮಧ್ಯಯುಗದಲ್ಲಿ ಒಂದು ರಾಜ್ಯದ ಕೇಂದ್ರವಾಗಿತ್ತು. ಹದಿಮೂರನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ಇಲ್ಲಿಂದ ಆಳಿದುದನ್ನು ಶಾಸನಗಳು ತಿಳಿಸುತ್ತವೆ. ಮುಂದೆ ಕಳಸ-ಕಾರ್ಕಳ ರಾಜ್ಯವೆಂದು ಹೆಸರಾದ ಇದರ ಅರಸ ವೀರಪಾಂಡ್ಯನೇ ೧೪೩೨ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದವನು. ಅರಮನೆಯ ವೈಭವ ಅಳಿದಿದ್ದರೂ ಕಳಸೇಶ್ವರನ ಗುಡಿ ಜನರಿಂದ ತುಂಬಿರುತ್ತದೆ; ಗಿರಿಜಾ ಕಲ್ಯಾಣದ ಉತ್ಸವ ನಡೆಯುತ್ತದೆ. ಕಳಸದಲ್ಲಿ ಪ್ರಾಚೀನತೆ ಬಳಕೆಯಿಂದಾಗಿ ಕಣ್ಣಿಗೆ ಬೀಳುವುದಿಲ್ಲ. ಅಂಗಡಿಯಲ್ಲಿ ಪ್ರಾಚೀನತೆ ಕಣ್ಣಿಗೆ ಬೀಳುತ್ತದೆ, ಬಳಕೆ ಬೀಳುವುದಿಲ್ಲ. ಚಿತ್ರೋಪಮ ನೋಟಕ್ಕೆ ಎರಡನೆಯದು ಮಾತ್ರ ರುಚಿಸುತ್ತದೆ.

೬. ಖಂಡಸ್ಫುಟಿತ ಜೀರ್ಣೋದ್ಧಾರ

ಹಾಳಾದ ಕಟ್ಟಡವನ್ನು ಕುರಿತು ಕನ್ನಡ ನಾಡಿಗೆ ತನ್ನದೇ ಆದ ಆಲೋಚನೆಯಿತ್ತೇ? ಇತ್ತು, ಅದು ಚಿತ್ರಗಳಲ್ಲಿಲ್ಲ, ದಾನಶಾಸನಗಳಲ್ಲಿದೆ. ಬಸದಿಗೋ ದೇವಾಲಯಕ್ಕೋ ಭೂಮಿ ಬಿಡುವಾಗ ಶಾಸನಗಳು ಮತ್ತೆ ಮತ್ತೆ ಬಳಸುವ ಪದಪುಂಜ 'ಖಂಡಸ್ಫುಟಿತ ಜೀರ್ಣೋದ್ಧಾರ'. ಒಡೆದದ್ದು, ಬಿರಿದದ್ದು, ಹಳತಾದದ್ದು ಇವುಗಳ ದುರಸ್ತಿ ಎಂದರ್ಥ. ದೇವರ ಅಂಗಭೋಗ, ರಂಗಭೋಗ, ಋಷಿಯರ ಆಹಾರದಾನಗಳ ಜೊತೆಯಲ್ಲಿಯೇ ಈ ವೆಚ್ಚಕ್ಕೂ ಗದ್ದೆಯ ಹುಟ್ಟುವಳಿಯನ್ನು ಗೊತ್ತುಪಡಿಸಲಾಗುತ್ತಿತ್ತು. ಕಟ್ಟಡ ಹೊಸದಾಗಿರುವಾಗಲೇ ಅದು ಒಡೆಯುವುದೆಂದು ತಿಳಿದು, ಒಡೆದಾಗ ಯಾವ ಭೂಮಿಯ ಆದಾಯದಿಂದ ಸರಿಪಡಿಸಬೇಕೆಂದು ಬರೆದಿಡುವ ವಿವೇಕ ಇಲ್ಲಿದೆ.

ಈ ದೃಷ್ಟಿಯಲ್ಲಿ ಬಿರುಕು ನೋಡಿ ಸವಿಯುವ ವಸ್ತುವಲ್ಲ, ಯಾರದೋ ಹೊಣೆ. ಹಾಳು ಒಂದು ದೃಶ್ಯವಲ್ಲ, ತೀರಿಸದೆ ಉಳಿದ ಬಾಕಿ. ಗುಡಿ, ಗದ್ದೆ, ಗದ್ದೆಯಲ್ಲಿ ದುಡಿಯುವವರು ಒಂದೇ ವ್ಯವಸ್ಥೆಯ ಅಂಗಗಳು. ಒಂದನ್ನು ಬಿಟ್ಟು ಇನ್ನೊಂದರ ಚಿತ್ರ ಬರೆದರೆ ಅದು ಅರ್ಧ ಚಿತ್ರ. ಯುರೋಪಿನ ಚಿತ್ರೋಪಮ ದೃಷ್ಟಿಗೂ ಶಾಸನದ ದೃಷ್ಟಿಗೂ ಇರುವ ಮೂಲಭೂತ ವ್ಯತ್ಯಾಸ ಇದು. ಬಾಂಬೊಚ್ಚಾಂಟಿಗಳ ಸುಣ್ಣದ ಗೂಡು ಒಂದು ತುದಿಯಾದರೆ ಖಂಡಸ್ಫುಟಿತದ ದಾನ ಇನ್ನೊಂದು ತುದಿ. ಒಂದರಲ್ಲಿ ದುಡಿಮೆ ಹಾಳನ್ನು ತಿನ್ನುತ್ತದೆ, ಇನ್ನೊಂದರಲ್ಲಿ ಕಟ್ಟುತ್ತದೆ. ಆದರೆ ಎರಡರಲ್ಲಿಯೂ ದುಡಿಯುವವನು ಚಿತ್ರದ ಒಳಗೆ ಇದ್ದಾನೆ.

೭. ವೀರಗಲ್ಲಿನ ದನಗಳು

ದೈನಂದಿನ ಬದುಕಿನ ದೃಶ್ಯಪ್ರಾತಿನಿಧ್ಯವೂ ನಮ್ಮಲ್ಲಿ ಇಲ್ಲದಿರಲಿಲ್ಲ. ತುರುಗಾಳಗದ ವೀರಗಲ್ಲುಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ ಎಂಬ ವಿನ್ಯಾಸ ಸುಪರಿಚಿತ. ಕೆಳಪಟ್ಟಿಕೆಯ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಕೆತ್ತಿದ ದನಗಳಿವೆ. ಸತ್ತವನು ಸತ್ತದ್ದು ಅವುಗಳಿಗಾಗಿ. ರೋಮಿನ ಬಯಲಿನ ಚಿತ್ರಗಳಲ್ಲಿ ದನ ಪ್ರಾಚೀನ ವೈಭವದ ಪತನವನ್ನು ಸೂಚಿಸುತ್ತದೆ. ವೀರಗಲ್ಲಿನಲ್ಲಿ ದನವೇ ಮಾನ, ಊರಿನ ಬಾಳು.

ಮಲೆನಾಡಿನಲ್ಲಿ ಇಂತಹ ವೀರಗಲ್ಲು, ಮಾಸ್ತಿಗಲ್ಲುಗಳು ಗದ್ದೆಯ ಬದುವಿನಲ್ಲಿ, ತೋಟದ ಬೇಲಿಯ ಒಳಗೆ, ಊರ ಬಾಗಿಲಲ್ಲಿ ನಿಂತಿರುವುದು ಸಾಮಾನ್ಯ. ಹಲವು ಕಡೆ ಅವುಗಳಿಗೆ ಅರಿಸಿನ, ಕುಂಕುಮ ಸಲ್ಲುತ್ತದೆ, ಎಣ್ಣೆ ಎರೆಯಲಾಗುತ್ತದೆ. ಕೆತ್ತಿದ ವೀರನ ಹೆಸರು ಮರೆತರೂ ಕಲ್ಲು ದೇವರಾಗಿ ಮುಂದುವರಿಯುತ್ತದೆ. ಎಣ್ಣೆಯ ಜಿಡ್ಡು ಅಕ್ಷರಗಳನ್ನು ಮುಚ್ಚುವುದರಿಂದ ಶಾಸನತಜ್ಞರಿಗೆ ತೊಂದರೆಯಾಗುವುದು ನಿಜ. ಆದರೆ ಆ ಕಲ್ಲು ಮೆಟ್ಟಿಲಾಗದೆ, ಮೋರಿಯ ಚಪ್ಪಡಿಯಾಗದೆ ಉಳಿದುಕೊಳ್ಳಲು ಕಾರಣ ಹಲವೆಡೆ ಅದೇ ಎಣ್ಣೆ. ಬಳಕೆ ಇಲ್ಲಿ ಏಕಕಾಲಕ್ಕೆ ಹಾನಿಯೂ ಹೌದು, ರಕ್ಷಣೆಯೂ ಹೌದು. ಈ ಸಂಕೀರ್ಣತೆಯನ್ನು ಜನರಿಲ್ಲದ ಛಾಯಾಚಿತ್ರ ತೋರಿಸಲಾರದು.

ಇಲ್ಲಿ ಸಾಹಿತ್ಯದ ಒಂದು ನಿದರ್ಶನವೂ ಪ್ರಸ್ತುತವೆನಿಸುತ್ತದೆ. ಮೂಡಿಗೆರೆಯಲ್ಲಿ ನೆಲೆಸಿ, ೨೦೦೭ರಲ್ಲಿ ಅಗಲಿದ ಪೂರ್ಣಚಂದ್ರ ತೇಜಸ್ವಿಯವರು ಇದೇ ಸೀಮೆಯ ಕಾಡನ್ನು ತಮ್ಮ ಕಥೆ, ಕಾದಂಬರಿಗಳಿಗೆ ತಂದರು. 'ಕರ್ವಾಲೊ'ದಲ್ಲಿ ಕಾಡು ನೋಡಿ ಬರುವ ದೃಶ್ಯವಲ್ಲ. ಜೇನು ಹಿಡಿಯುವ, ಅಡುಗೆ ಮಾಡುವ, ಮರ ಹತ್ತುವ ಜನರ ಕೆಲಸದ ಸ್ಥಳ. ತೇಜಸ್ವಿಯವರು ಚಿತ್ರಕಾರರೂ ಛಾಯಾಗ್ರಾಹಕರೂ ಆಗಿದ್ದರು. ಮಲೆನಾಡಿನ ಬರವಣಿಗೆಗೆ ಸಾಧ್ಯವಾದ ಈ ಸಮೀಪದ ನೋಟವನ್ನು ಮಲೆನಾಡಿನ ಭೂದೃಶ್ಯ ಚಿತ್ರ ಇನ್ನೂ ಸಂಪೂರ್ಣವಾಗಿ ತನ್ನದಾಗಿಸಿಕೊಳ್ಳಬೇಕಾಗಿದೆ. ಪ್ರವಾಸೋದ್ಯಮದ ಕ್ಯಾಲೆಂಡರುಗಳಲ್ಲಿ ಕಾಣುವ ಮಂಜು ಮುಸುಕಿದ ತೋಟದಲ್ಲಿ ಕೊಯ್ಲಿನ ಆಳುಗಳು ವಿರಳ. ರೋಸಾ ಎತ್ತಿದ ಆಕ್ಷೇಪಕ್ಕಿಂತ ನಾವು ಒಂದು ಹೆಜ್ಜೆ ಮುಂದೆ ಹೋಗ���ದ್ದೇವೆ. ದುಡಿಯುವವರು ಚಿತ್ರದಲ್ಲಿಯೂ ಬೇಡವಾಗಿದ್ದಾರೆ.

೮. ತೆರವಿನ ಪ್ರಶ್ನೆ

ಇದು ಕೇವಲ ಅಭಿರುಚಿಯ ವಿಚಾರವಾಗಿದ್ದರೆ ಇಷ್ಟು ಚರ್ಚೆ ಬೇಕಾಗಿರಲಿಲ್ಲ. ರೋಮಿನಲ್ಲಿ ೧೮೦೩ರಲ್ಲಿ ಸೆವೆರಸ್ ಕಮಾನಿನ ಸುತ್ತ ಅಗೆತ ಆರಂಭವಾಯಿತು. ಶತಮಾನ ಕಳೆಯುವಷ್ಟರಲ್ಲಿ ದನದ ಬಯಲು ಅಳಿದು ಪುರಾತತ್ತ್ವದ ಫೋರಂ ಮರಳಿ ಬಂದಿತು. ಚರಿತ್ರೆಯ ಜ್ಞಾನಕ್ಕೆ ಅದರಿಂದ ಆದ ಲಾಭ ದೊಡ್ಡದು. ಆದರೆ ದನದ ಬಯಲೂ ಆ ಸ್ಥಳದ ಚರಿತ್ರೆಯೇ ಆಗಿತ್ತು; ಅದು ಹೇಗಿತ್ತೆಂದು ಕಣ್ಣಾರೆ ತಿಳಿಯಲು ಇಂದು ನಮಗಿರುವ ಮುಖ್ಯ ಆಧಾರ ಆ ಬರೋಕ್ ಚಿತ್ರಗಳೇ.

ನಮ್ಮಲ್ಲಿ ಇದೇ ಪ್ರಶ್ನೆ ಹಂಪಿಯಲ್ಲಿ ತೀವ್ರವಾಗಿ ಎದುರಾಯಿತು. ೧೯೮೬ರಲ್ಲಿ ವಿಶ್ವಪರಂಪರೆಯ ತಾಣವಾದ ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು ೨೦೧೧ರ ಜುಲೈನಲ್ಲಿ ತೆರವುಗೊಳಿಸಲಾಯಿತು. ಮಂಟಪಗಳ ರಕ್ಷಣೆಯ ದೃಷ್ಟಿಯಿಂದ ಒತ್ತುವರಿಯನ್ನು ಆಕ್ಷೇಪಿಸುವವರ ವಾದದಲ್ಲಿ ಹುರುಳಿದೆ. ಬಜಾರೆಂದು ಕಟ್ಟಿದ ಬೀದಿಯಲ್ಲಿ ವ್ಯಾಪಾರವಿಲ್ಲದಂತಾದದ್ದು ಯಾವ ಬಗೆಯ ಸಂರಕ್ಷಣೆ ಎಂದು ಕೇಳುವವರ ವಾದದಲ್ಲಿಯೂ ಹುರುಳಿದೆ. ೨೦೧೦ರಲ್ಲಿ ತಿದ್ದುಪಡಿಯಾದ ಕೇಂದ್ರ ಸ್ಮಾರಕ ಕಾಯಿದೆ, ಸಂರಕ್ಷಿತ ಸ್ಮಾರಕದ ಸುತ್ತ ೧೦೦ ಮೀಟರ್ ಪ್ರದೇಶವನ್ನು ನಿಷೇಧಿತವೆಂದೂ ಅದರಾಚೆಯ ೨೦೦ ಮೀಟರ್ ಪ್ರದೇಶವನ್ನು ನಿಯಂತ್ರಿತವೆಂದೂ ಗುರುತಿಸಿತು. ಇಂತಹ ವೃತ್ತಗಳೊಳಗೆ ಮನೆ ಇರುವವರಿಗೆ ಚಿತ್ರದ ಚೌಕಟ್ಟು ಎಲ್ಲಿ ಮುಗಿಯುತ್ತದೆ ಎಂಬುದು ಸೌಂದರ್ಯಮೀಮಾಂಸೆಯ ಪ್ರಶ್ನೆಯಲ್ಲ.

ಅಂಗಡಿಯಂತಹ ಊರುಗಳು ಇನ್ನೂ ಆ ಹಂತವನ್ನು ತಲುಪಿಲ್ಲ ಎಂಬುದೇ ಒಂದು ಅವಕಾಶ. ಮಲೆನಾಡಿನ ಹಳೆಯ ನೆಲೆಗಳ ದಾಖಲಾತಿ ಕೈಗೊಳ್ಳುವಾಗ ಶಿಲ್ಪ, ಶಾಸನ, ತಲವಿನ್ಯಾಸಗಳೊಡನೆ ಮೂರು ಸಂಗತಿಗಳನ್ನು ಸೇರಿಸುವುದು ಅಗತ್ಯವೆಂದು ತೋರುತ್ತದೆ. ಮೊದಲನೆಯದು, ಆ ಸ್ಥಳದಲ್ಲಿ ಈಗ ನಡೆಯುವ ಕೆಲಸ: ಮೇವು, ಕೊಯ್ಲು, ನೀರು, ಪೂಜೆ. ಎರಡನೆಯದು, ಆ ಕಲ್ಲುಗಳಿಗೆ ಊರವರು ಇಟ್ಟುಕೊಂಡಿರುವ ಹೆಸರುಗಳು. ಪುಸ್ತಕದ ಹೆಸರಿಗಿಂತ ಇವು ಬೇಗ ಅಳಿಯುತ್ತವೆ. ಮೂರನೆಯದು, ಹೊಣೆಯ ಲೆಕ್ಕ: ದೀಪ ಹಚ್ಚುವವರು ಯಾರು, ಹುಲ್ಲು ಕೀಳುವವರು ಯಾರು, ಮಳೆಗಾಲಕ್ಕೆ ಮುಂಚೆ ಮಾಡು ನೋಡುವವರು ಯಾರು. ಖಂಡಸ್ಫುಟಿತಕ್ಕೆ ಗದ್ದೆ ಬಿಟ್ಟ ದಾನಿ ಬರೆಯಿಸಿದ್ದು ಇದೇ ಲೆಕ್ಕವನ್ನು.

ಕಲಾ ಶಿಬಿರಗಳಿಗೂ ಇಲ್ಲಿ ಕೆಲಸವಿದೆ. ಭೂದೃಶ್ಯ ಚಿತ್ರಕಾರರು ಮಲೆನಾಡಿಗೆ ಬಂದಾಗ ಬೆಟ್ಟ, ಮಂಜು, ಗುಡಿಗಳನ್ನು ಮಾತ್ರವಲ್ಲದೆ ಕಣದಲ್ಲಿರುವವರನ್ನೂ ಬರೆಯಲಿ; ಭರ್ತಿಯ ಆಕೃತಿಗಳಾಗಿ ಅಲ್ಲ, ಮುಖವಿರುವ ಜನರಾಗಿ. ಮುನ್ನೂರ ಎಂಬತ್ತು ವರ್ಷಗಳ ಹಿಂದೆ ರೋಮಿನಲ್ಲಿ ಕೆಲವು ಚಿತ್ರಕಾರರು ವಿಕಾರ ಬೊಂಬೆಗಳೆಂಬ ಹೀಯಾಳಿಕೆಯನ್ನು ಹೊತ್ತು ಮಾಡಿದ್ದು ಈ ಕೆಲಸವನ್ನೇ. ಅವರ ಕಾಲದ ದನದ ಬಯಲು ಈಗಿಲ್ಲ. ಅಂಗಡಿಯ ತೋಟ, ಗುಡಿ, ಜನ ಇನ್ನೂ ಇದ್ದಾರೆ.